ಲೋಕನಾಥ ಮಾಸ್ಟ್ರ ಬ್ಯಾಟರಿ ಉಳಿತಾಯ

ಲೋಕನಾಥ ಮಾಸ್ಟ್ರಿಗೆ ಕಂಪ್ಯೂಟರ್ ಗೊತ್ತುಂಟು ಎಂಬುದು ಬಂದ್ಯೋಡಿನ ಸುತ್ತಮುತ್ತ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಕಂಪ್ಯೂಟರಿಗೆ ಮಾತ್ರ.

ಅವರು ನಮ್ಮೂರಿನ ಯು.ಪಿ. ಎಂದರೆ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುವವರು. ಒಂದು ಓಣಂ ರಜೆಯಲ್ಲಿ ಕುಂಬಳೆಯಲ್ಲಿ ಐ.ಟಿ. ತರಬೇತಿ ಇತ್ತು. ಹೋಗಬೇಕಾದ ಗಣಿತದ ಟೀಚರಿಗೆ ಜ್ವರ ಬಂದ ಕಾರಣ ಇವರನ್ನು ಕಳಿಸಿದರು. ಕೇರಳದ ಶಾಲೆಗಳ ಕಂಪ್ಯೂಟರುಗಳಲ್ಲೆಲ್ಲ ಆಗ ಲಿನಕ್ಸ್ ಎಂಬ ವ್ಯವಸ್ಥೆ ನಡೆಯುತ್ತಿತ್ತು, ತರಬೇತಿಯೂ ಅದರದ್ದೇ. ಮಾಸ್ಟ್ರು ಅಲ್ಲಿಂದ ಒಂದು ವಾಕ್ಯ ಹೊತ್ತು ತಂದರು: “ಬೇರೆ ಕಂಪ್ಯೂಟರ್ ಹೇಳಿದ ಹಾಗೆ ನಾವು ಕೇಳಬೇಕು, ಲಿನಕ್ಸ್ ಆದರೆ ನಾವು ಹೇಳಿದ ಹಾಗೆ ಅದು ಕೇಳ್ತದೆ.” ಉಳಿದ ಪಾಠ ಬಸ್ಸಿನಲ್ಲಿ ಬರುವಾಗಲೇ ಮರೆತುಹೋಯಿತು. ಈ ವಾಕ್ಯ ಮಾತ್ರ ಉಳಿಯಿತು, ಮತ್ತು ಬೆಳೆಯಿತು. ಸ್ವಂತಕ್ಕೊಂದು ಹಳೆಯ ಲ್ಯಾಪ್‌ಟಾಪ್ ಕೊಂಡು ಅದರಲ್ಲೂ ಲಿನಕ್ಸ್ ಹಾಕಿಸಿಕೊಂಡ ಮೇಲೆ ಚಹಾದಂಗಡಿಯಲ್ಲಿ ಅವರು ಮಾತಾಡುವ ಧಾಟಿಯೇ ಬದಲಾಯಿತು. ಯಾರಾದರೂ ಮೊಬೈಲು ಕೆಟ್ಟಿದೆ ಎಂದರೆ ತಲೆಯಾಡಿಸಿ, ಅಯ್ಯೋ ಪಾಪ ಎಂಬಂಥ ನಗೆ ನಕ್ಕು, ಸುಮ್ಮನಾಗುತ್ತಿದ್ದರು. ತಿಳಿದವರು ಹಾಗೆಯೇ ಅಲ್ಲವೇ ಎಂದು ಜನ ಅಂದುಕೊಂಡರು.

ಎರಡು ಸಾವಿರದ ಹನ್ನೆರಡು ಮುಗಿಯುತ್ತ ಬಂದಿತ್ತು. ಆ ವರ್ಷ ಮಳೆ ಕೈಕೊಟ್ಟು ಕರೆಂಟು ಬೇಕೆಂದಾಗ ಇರುತ್ತಿರಲಿಲ್ಲ. ಲ್ಯಾಪ್‌ಟಾಪಿನ ಬ್ಯಾಟರಿಗೂ ವಯಸ್ಸಾಗಿತ್ತು. ಕರೆಂಟು ಹೋದರೆ ಒಂದು ಪದ್ಯ ಟೈಪ್ ಮಾಡಿ ಮುಗಿಸುವಷ್ಟರಲ್ಲಿ ಕಣ್ಣು ಮುಚ್ಚುತ್ತಿತ್ತು. ಇದಕ್ಕೆ ಮದ್ದು ಹುಡುಕುತ್ತ ಮಾಸ್ಟ್ರು ಇಂಟರ್ನೆಟ್ಟಿನಲ್ಲಿ ಒಂದು ಸ್ಕ್ರಿಪ್ಟ್ ಕಂಡುಹಿಡಿದರು. ಸ್ಕ್ರಿಪ್ಟ್ ಎಂದರೆ ದೊಡ್ಡದೇನಲ್ಲ, ಕಂಪ್ಯೂಟರಿಗೆ ಮೊದಲೇ ಬರೆದಿಟ್ಟ ಆಜ್ಞೆಗಳು. ಚಾರ್ಜರಿನ ವಯರ್ ತೆಗೆದ ಕೂಡಲೇ ಅವು ತಾವಾಗಿಯೇ ಜಾರಿಯಾಗುತ್ತವೆ: ಪರದೆಯ ಬೆಳಕು ತಗ್ಗಬೇಕು, ಒಳಗಿನ ಓಟ ನಿಧಾನವಾಗಬೇಕು, ಕೆಲಸವಿಲ್ಲದ ಭಾಗಗಳೆಲ್ಲ ಮಲಗಬೇಕು. ಯಾವ ಭಾಗಕ್ಕೆ ಕೆಲಸವಿಲ್ಲ ಎಂಬುದನ್ನು ಅದನ್ನು ಬರೆದ ಪುಣ್ಯಾತ್ಮ ಎಲ್ಲಿಯೋ ಕುಳಿತು ತೀರ್ಮಾನಿಸಿದ್ದ. ಮಾಸ್ಟ್ರು ಓದಲು ಹೋಗಲಿಲ್ಲ. ಅವರು ಮಾಡಿದ ತಿದ್ದುಪಡಿ ಒಂದೇ. ಬರೆದವನ ಹೆಸರಿದ್ದ ಕಡೆ ಇಂಗ್ಲಿಷಿನಲ್ಲಿ ‘ಲೋಕನಾಥ್ ಮಾಸ್ಟರ್ ಪವರ್ ಸೇವರ್’ ಎಂದು ಹಾಕಿದರು.

ಅಂದಿನಿಂದ ಬ್ಯಾಟರಿ ಒಂದು ಸಂಜೆ ಪೂರ್ತಿ ಬರತೊಡಗಿತು. ಪರದೆಯ ಮೇಲೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ ಎಂಬುದು ಬೇರೆ ಮಾತು. ಅವರ ಹೆಂಡತಿ ತುಂಗಾ, ಅದನ್ನು ಮುಚ್ಚಿ ಕಪಾಟಿನಲ್ಲಿ ಇಟ್ಟರೆ ವಿಷು ಹಬ್ಬದವರೆಗೂ ಬಂದೀತು ಎಂದಳು. ಈ ಮಾತಿನಲ್ಲಿದ್ದ ತಾಂತ್ರಿಕ ಸತ್ಯವನ್ನು ಮಾಸ್ಟ್ರು ಗಮನಿಸಲಿಲ್ಲ. ಇಂಟರ್ನೆಟ್ಟಿಗೆ ಬೇಕಾದ ಡೋಂಗಲ್ ಎಂಬ ಬೆರಳುದ್ದದ ತುಂಡನ್ನು ಅವರು ಲ್ಯಾಪ್‌ಟಾಪಿಗೆ ಚುಚ್ಚುತ್ತಿದ್ದುದು ಮೇಜಿನ ಮೇಲೆ ಇಟ್ಟು, ಚಾರ್ಜರ್ ಸಿಕ್ಕಿಸಿಕೊಂಡು, ತಮ್ಮ ಮೊಬೈಲಿನ ಸಿಮ್ಮನ್ನೇ ತೆಗೆದು ಅದಕ್ಕೆ ಹಾಕಿ. ಕರೆಂಟು ಇಲ್ಲದಾಗ ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತಿದ್ದರು. ಹಾಗಾಗಿ ಸ್ಕ್ರಿಪ್ಟಿನ ಇನ್ನೊಂದು ಗುಣ ಅವರಿಗೆ ತಿಳಿಯುವ ಸಂದರ್ಭ ಬರಲೇ ಇಲ್ಲ.

ಸಂದರ್ಭವನ್ನು ಒದಗಿಸಿದವರು ಪಕ್ಕದ ಮನೆಯ ಉಗ್ಗಪ್ಪಣ್ಣ. ಅವರು ತೀರಿಕೊಂಡರು.

ಉಗ್ಗಪ್ಪಣ್ಣ ಬಾವಿ ತೋಡುವವರು. ಮಂಗಲ್ಪಾಡಿ ಪಂಚಾಯತಿನಲ್ಲಿ ಅವರು ಇಳಿಯದ ಬಾವಿ ಕಡಿಮೆ. ಮಣ್ಣಿನಡಿಯಲ್ಲಿ ಕೆಲಸ ಮಾಡಿ ಮಾಡಿ ಶ್ವಾಸಕೋಶ ಹಾಳಾಗಿ, ಕೊನೆಯ ಎರಡು ಮಳೆಗಾಲ ಜಗಲಿಯಲ್ಲೇ ಕುಳಿತು ಕಳೆದಿದ್ದರು. ಹೆಂಡತಿ ಕಿನ್ನಿಯಕ್ಕ, ಮಗಳು ಮೋಕ್ಷಿತಾ, ಮಗ ಲತೀಶ. ಲತೀಶ ಕತಾರಿನಲ್ಲಿ ಎ.ಸಿ. ರಿಪೇರಿ ಕೆಲಸದಲ್ಲಿದ್ದ. ಪಾಸ್‌ಪೋರ್ಟ್ ಏನೋ ನವೀಕರಣಕ್ಕೆಂದು ಕಂಪನಿಯ ಕೈಯಲ್ಲಿತ್ತು. ತಂದೆಗೆ ಕಾಯಿಲೆ ಜೋರಾದಾಗ ರಜೆ ಕೇಳಿದ್ದಕ್ಕೆ ಮ್ಯಾನೇಜರ್ ತಿಂಗಳು ಮುಗಿಯಲಿ ಎಂದಿದ್ದ. ಉಗ್ಗಪ್ಪಣ್ಣನಿಗೆ ತಿಂಗಳು ಮುಗಿಯುವವರೆಗೆ ಕಾಯಲು ಆಗಲಿಲ್ಲ.

ಬೆಳಗ್ಗೆ ಸಾವಿನ ಸುದ್ದಿ ಕೇಳಿ ಹೋದವರಿಗೆಲ್ಲ ಕಿನ್ನಿಯಕ್ಕ ಹೇಳುತ್ತಿದ್ದುದು ಒಂದೇ ಮಾತು. ಮಗ ಬರುವುದಿಲ್ಲ, ಅದು ಗೊತ್ತಾಯಿತು. ಆದರೆ ಅವನು ತಂದೆಯ ಮುಖ ನೋಡುವ ಮೊದಲು ಯಾರೂ ಚಿತೆಗೆ ಬೆಂಕಿ ಕೊಡಬಾರದು. ಅವರು ಅಳುತ್ತಲೂ ಇರಲಿಲ್ಲ. ಗೋಡೆಗೆ ಒರಗಿ ಕುಳಿತು, ಬಂದವರ ಮುಖ ನೋಡಿ, ಇದನ್ನೇ ಹೇಳುತ್ತಿದ್ದರು. ಬಂದವರು ತಲೆಯಾಡಿಸಿ ಅಂಗಳಕ್ಕೆ ಇಳಿದು, ಅದು ಹೇಗೆ ಸಾಧ್ಯ ಎಂದು ತಮ್ಮೊಳಗೆ ಮಾತಾಡಿಕೊಳ್ಳುತ್ತಿದ್ದರು.

ಸಾಧ್ಯ ಎಂದವನು ಕಿನ್ನಿಯಕ್ಕನ ತಮ್ಮ ಹೊನ್ನಯ್ಯ. ಹೊನ್ನಯ್ಯ ಗಲ್ಫಿನ ಒಂದು ಗೋದಾಮಿನಲ್ಲಿ ಬಹಳ ಕಾಲ ದುಡಿದು ಬಂದವನು. ಗೋಡೆಗೆ ಅಂಟಿಸಿದ ನೋಟೀಸು ಓದುವಷ್ಟು ಇಂಗ್ಲಿಷ್ ಅವನಿಗಿತ್ತು; ಮಾತಾಡುವುದಕ್ಕೆ ಅದಕ್ಕಿಂತ ಹೆಚ್ಚು ಇತ್ತು. ಅಲ್ಲಿನ ಜನ ಮದುವೆ, ಸಾವು ಎಲ್ಲವನ್ನೂ ಕಂಪ್ಯೂಟರಿನಲ್ಲೇ ನೋಡುವುದು, ನಮ್ಮ ಮಾಸ್ಟ್ರು ಯಾಕೆ ಇರುವುದು ಎಂದು ಅವನು ಎಲ್ಲರೆದುರು ಕೇಳಿದ. ಎಲ್ಲರೂ ಮಾಸ್ಟ್ರ ಕಡೆ ತಿರುಗಿದರು. ಈ ಹಿಂದೆ ಒಮ್ಮೆಯೂ ವಿಡಿಯೋ ಕಾಲ್ ಮಾಡಿರದ ಮಾಸ್ಟ್ರು, ಅಭ್ಯಾಸಬಲದಿಂದ, ಪಾಪದ ನಗೆ ನಗಲು ಹೊರಟವರು ಸಾವಿನ ಮನೆ ಎಂದು ನೆನಪಾಗಿ ಬಾಯಿ ಮುಚ್ಚಿದರು. ಅದನ್ನೇ ಒಪ್ಪಿಗೆ ಎಂದು ತಿಳಿದು ಹೊನ್ನಯ್ಯ ಲತೀಶನಿಗೆ ಫೋನು ಮಾಡಿ, ಕಂಪ್ಯೂಟರಿನ ಮುಂದೆ ಬಂದು ಕೂರು ಎಂದ. ಜಾಗ್ರತೆಗೆಂದು ಮಾಸ್ಟ್ರ ಮೊಬೈಲ್ ನಂಬರನ್ನೂ ಕೊಟ್ಟ. ಅಷ್ಟರಲ್ಲಿ ಮಾಸ್ಟ್ರು ಮನೆಯಿಂದ ಲ್ಯಾಪ್‌ಟಾಪ್ ತಂದು, ಆ ನಂಬರಿನ ಸಿಮ್ಮನ್ನೇ ಡೋಂಗಲಿಗೆ ಹಾಕಿಯಾಗಿತ್ತು.

ಮೊದಲ ಪ್ರಯತ್ನ ಚಾವಡಿಯಲ್ಲಿ ನಡೆಯಿತು. ಟಿ.ವಿ.ಯ ಪ್ಲಗ್ ತೆಗೆದು ಅಲ್ಲಿ ಚಾರ್ಜರ್ ಹಾಕಿದರು. ಡೋಂಗಲಿನ ನೀಲಿ ದೀಪ ಹತ್ತಿತು. ಸ್ವಲ್ಪ ಹೊತ್ತು ಗಿರಗಿರ ತಿರುಗಿ, ಎಲ್ಲರೂ ಉಸಿರು ಹಿಡಿದಿರುವಾಗ, ಪರದೆಯಲ್ಲಿ ಲತೀಶ ಬಂದ. ಯಾವುದೋ ಸಣ್ಣ ಆಫೀಸು ಕೋಣೆ, ಹಿಂದೆ ಫೈಲುಗಳು. ಡ್ಯೂಟಿಯ ಹೊತ್ತಿನಲ್ಲಿ ಯಾರಿಗೂ ಹೇಳದೆ ಬಂದು ಗುಮಾಸ್ತನ ಕಂಪ್ಯೂಟರ್ ಮುಂದೆ ಕುಳಿತಿದ್ದ ಅವನು ಪಿಸುಮಾತಿನಲ್ಲಿ ಅಮ್ಮ ಎಂದ. ಕಿನ್ನಿಯಕ್ಕ ಆಗ ಮೊದಲ ಸಲ ಅತ್ತರು. ಹೆಂಗಸರೆಲ್ಲ ಅತ್ತರು. ಅಷ್ಟರ ನಡುವೆಯೂ ಹಲವರು ಮಾಸ್ಟ್ರನ್ನು ಗೌರವದಿಂದ ನೋಡಿದರು. ಮಾಸ್ಟ್ರ ಬದುಕಿನಲ್ಲಿ ಅದಕ್ಕಿಂತ ಎತ್ತರದ ಕ್ಷಣ ಇನ್ನೊಂದು ಇರಲಿಲ್ಲ, ಮತ್ತು ಅದು ಅಲ್ಲಿಗೇ ಮುಗಿಯಿತು.

ಲತೀಶ ಅಪ್ಪನನ್ನು ತೋರಿಸಿ ಎಂದ. ಉಗ್ಗಪ್ಪಣ್ಣನನ್ನು ಮಲಗಿಸಿದ್ದು ಚಾವಡಿಯ ಆ ಬದಿಯಲ್ಲಿ. ಚಾರ್ಜರಿನ ವಯರ್ ಅಷ್ಟು ಉದ್ದ ಇರಲಿಲ್ಲ. ಮಾಸ್ಟ್ರು ಗಂಭೀರವಾಗಿ, ಬ್ಯಾಟರಿ ಉಂಟು, ತೊಂದರೆ ಇಲ್ಲ ಎಂದು ವಯರ್ ಕಿತ್ತರು. ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ದೇವರ ಉತ್ಸವಮೂರ್ತಿ ಹೊತ್ತವರ ಹಾಗೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಪರದೆ ಮಂಕಾಯಿತು. ನೀಲಿ ದೀಪ ಆರಿತು. ಲತೀಶ ಅರ್ಧ ಬಾಯಿ ತೆರೆದು, ಅರ್ಧ ಕಣ್ಣು ಮುಚ್ಚಿ, ಹಾಗೆಯೇ ನಿಂತುಬಿಟ್ಟ.

ಮಾಸ್ಟ್ರು ವಾಪಸು ಬಂದು ವಯರ್ ಸಿಕ್ಕಿಸಿದರು. ದೀಪ ಹತ್ತಿತು. ಲತೀಶ ಮತ್ತೆ ಬಂದ, ಏನಾಯಿತು ಎಂದು ಕೇಳಿದ. ನೆಟ್‌ವರ್ಕ್ ಎಂದರು ಮಾಸ್ಟ್ರು. ವಯರ್ ಕಿತ್ತರು. ಲತೀಶ ಹೋದ. ಹೀಗೆ ಕೆಲವು ಸಲ ಅವನು ಬಂದ, ಹೋದ. ಪ್ರತಿ ಸಲ ಅವನು ಬರುವಾಗ ಕಿನ್ನಿಯಕ್ಕ ಎದ್ದು ನಿಲ್ಲುವುದು, ಹೋದಾಗ ಕುಳಿತುಕೊಳ್ಳುವುದು. ಡೋಂಗಲನ್ನು ಬಲಗಡೆಯಿಂದ ಎಡಗಡೆಗೆ ಬದಲಾಯಿಸಿ ನೋಡಿದ್ದಾಯಿತು. ಒರೆಸಿದ್ದಾಯಿತು. ಕೊಡೆಯಡಿಯಲ್ಲಿ ಹಿಡಿದದ್ದಾಯಿತು. ವಯರಿಗೂ ನೆಟ್‌ವರ್ಕಿಗೂ ಎಂತ ಸಂಬಂಧ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಹೊಳೆಯಬೇಕಾಗಿದ್ದ ಒಬ್ಬರು ಆಗ ಕೊಡೆ ಹಿಡಿದುಕೊಂಡಿದ್ದರು. ಹಾಗಾದರೆ ಭಾವನನ್ನೇ ಪ್ಲಗ್ಗಿನ ಹತ್ತಿರ ತರುವ ಎಂದು ಹೊನ್ನಯ್ಯ ಸೂಚಿಸಿದ. ದಿಕ್ಕು ನೋಡಿ ಮಲಗಿಸಿದ್ದನ್ನು ಇನ್ನು ಅಲುಗಿಸಬಾರದು ಎಂದು ಹಿರಿಯರು ತಡೆದರು.

ಕೊನೆಗೆ ಮಾಸ್ಟ್ರು, ಒಳಗೆ ಎಂತ ಆಗುತ್ತದೆ ನೋಡಬೇಕು ಎಂದು ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಇಟ್ಟುಕೊಂಡು ಕಪ್ಪು ಪರದೆಯೊಂದನ್ನು ತೆರೆದರು. ಲಿನಕ್ಸಿನಲ್ಲಿ ಹಾಗೆ ಒಂದು ಪರದೆ ಉಂಟು. ಯಂತ್ರ ತನ್ನೊಳಗೆ ನಡೆದದ್ದನ್ನೆಲ್ಲ ಅಲ್ಲಿ ಬಿಳಿ ಅಕ್ಷರದಲ್ಲಿ ಬರೆಯುತ್ತ ಹೋಗುತ್ತದೆ. ಸಾಲಿನ ಮೇಲೆ ಸಾಲು ಓಡತೊಡಗಿತು. ಹಿಂದೆ ನಿಂತಿದ್ದ ಹೊನ್ನಯ್ಯ ಕಣ್ಣು ಕಿರಿದು ಮಾಡಿ ಓದಿದ. ಅದು ಯಂತ್ರ ತನ್ನ ಬಗ್ಗೆ ಬರೆದುಕೊಂಡದ್ದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಕತಾರಿನಿಂದ ಬರುತ್ತಿರುವ ಸಂದೇಶ ಎಂದೇ ಅವನು ತಿಳಿದ. ಮೊದಲು ಸಿಕ್ಕಿದ ಶಬ್ದ ‘ಮೊಡೆಮ್ ಹ್ಯಾಂಗಪ್’, ಎಂದರೆ ಡೋಂಗಲಿನ ಸಂಪರ್ಕ ಕಡಿಯಿತು ಎಂದು. ಮೇಡಮ್ ಫೋನು ಇಟ್ಟಳು ಎಂದು ಅವನು ಅರ್ಥಮಾಡಿಕೊಂಡ. ಎಲ್ಲ ಕಂಪನಿಯ ಆಫೀಸಿನಲ್ಲೂ ಒಬ್ಬಳು ಮೇಡಮ್ ಇರುತ್ತಾಳೆ, ಅವಳು ಫೋನು ಇಟ್ಟರೆ ಒಳ್ಳೆಯದಲ್ಲ ಎಂದು ಅವನ ಅನುಭವ ಹೇಳಿತು. ಮುಂದಿನ ಸಾಲಿನಲ್ಲಿ ‘ಸಸ್ಪೆಂಡೆಡ್’ ಎಂದಿತ್ತು. ಅದರ ಕೆಳಗೆ ‘ಟರ್ಮಿನೇಟೆಡ್’.

ಟರ್ಮಿನೇಟೆಡ್ ಎಂಬ ಶಬ್ದದ ಅರ್ಥವನ್ನು ಗಲ್ಫಿಗೆ ಹೋಗಿಬಂದವರಿಗೆ ಯಾರೂ ವಿವರಿಸಬೇಕಾಗಿಲ್ಲ. ಹೊನ್ನಯ್ಯನ ಮುಖ ಕಪ್ಪಿಟ್ಟಿತು. ಅವನು ಮಾಸ್ಟ್ರನ್ನು ಕೇಳಲಿಲ್ಲ. ಇಂಥ ವಿಷಯವನ್ನು ಕೇಳಿ ಗಟ್ಟಿ ಮಾಡಿಕೊಳ್ಳುವುದು ಸಾವಿನ ಮನೆಗೆ ತಕ್ಕದ್ದಲ್ಲ ಎಂದು ಅನ್ನಿಸಿತಂತೆ. ಮೆಲ್ಲನೆ ಅಂಗಳಕ್ಕಿಳಿದು, ಚಿತೆಗೆ ಮಾವಿನ ಮರ ಕಡಿಯುತ್ತಿದ್ದವರ ಹತ್ತಿರ ಹೋಗಿ, ಯಾರಿಗೂ ಹೇಳಬೇಡಿ ಎಂದು ಹೇಳಿ, ಹೇಳಿದ.

ಯಾರಿಗೂ ಹೇಳಬಾರದ ಸುದ್ದಿ ನಮ್ಮೂರಿನಲ್ಲಿ ಹೋಗುವ ದಾರಿ ಒಂದೇ, ಅದು ಅಡಿಗೆಕೋಣೆಗೆ. ಕಟ್ಟಿಗೆ ಹೊರುವವರಿಂದ ನೀರು ತರುವವರಿಗೆ, ಅವರಿಂದ ಒಲೆಯ ಮುಂದೆ ಇದ್ದ ಹೆಂಗಸರಿಗೆ ತಲುಪುವಷ್ಟರಲ್ಲಿ ಲತೀಶ ಡ್ಯೂಟಿಯ ಹೊತ್ತಿನಲ್ಲಿ ಕಂಪ್ಯೂಟರ್ ಮುಟ್ಟಿದ್ದನ್ನು ಮೇಡಮ್ ನೋಡಿದ್ದಳು, ಮೊದಲು ಸಸ್ಪೆಂಡ್ ಮಾಡಿ, ಅವನು ಎದುರು ಮಾತಾಡಿದ್ದಕ್ಕೆ ನಿಂತ ಕಾಲಲ್ಲೇ ಕೆಲಸದಿಂದ ತೆಗೆದಿದ್ದಳು. ಆ ಅರ್ಧ ಬಾಯಿ ತೆರೆದ ಮುಖ ನೆನಪಾಗಿ ಎಲ್ಲರಿಗೂ ಅದು ಸರಿ ಎಂದೇ ಕಂಡಿತು. ಕೆಲಸ ಹೋದವನ ಮುಖ ಹಾಗೆಯೇ ಇರುವುದು. ತಂದೆ ಸತ್ತ ದಿನವೇ ಹೀಗಾಗಬೇಕೇ ಎಂದು ಅವರು ಎರಡನೆಯ ಸಲ ಅಳತೊಡಗಿದಾಗ, ಈ ಅಳು ಯಾವುದಕ್ಕೆ ಎಂದು ಕಿನ್ನಿಯಕ್ಕನಿಗೆ ತಿಳಿಯಲಿಲ್ಲ.

ಅಲ್ಲಿಗೆ ಮುಗಿದಿದ್ದರೆ ಇಷ್ಟು ಹೇಳಬೇಕಾಗಿರಲಿಲ್ಲ. ಮೋಕ್ಷಿತಾಳಿಗೆ ಕುಂಬಳೆ ಕಡೆಯಿಂದ ಒಂದು ಸಂಬಂಧ ಕೂಡಿಬಂದಿತ್ತು. ಹುಡುಗನ ಸೋದರಮಾವ ಲೋಕಯ್ಯ ಸಾವಿಗೆ ಬಂದು, ಅಂಗಳದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಟವೆಲು ಹೆಗಲಿಗೆ ಹಾಕಿ ಕುಳಿತಿದ್ದರು. ಸುದ್ದಿ ಅವರಿಗೂ ಮುಟ್ಟಿತು. ಟವೆಲನ್ನು ಹೆಗಲಿನಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಹೊನ್ನಯ್ಯನನ್ನು ಬದಿಗೆ ಕರೆದು, ಬೊಜ್ಜ ಎಲ್ಲ ಮುಗಿಯಲಿ, ಆ ವಿಷಯ ಆಮೇಲೆ ನಿಧಾನಕ್ಕೆ ಮಾತಾಡುವ, ಅವಸರ ಎಂತ ಉಂಟು ಎಂದರು. ಹದಿಮೂರನೆಯ ದಿನದ ಊಟಕ್ಕೆ ನಮ್ಮಲ್ಲಿ ಬೊಜ್ಜ ಎನ್ನುವುದು. ಅದರ ಆಮೇಲೆ ನಿಧಾನಕ್ಕೆ ಮಾತಾಡುವ ಎಂದರೆ ಮಾತಾಡುವುದಿಲ್ಲ ಎಂದು ಅರ್ಥ.

ಮೋಕ್ಷಿತಾಳಿಗೆ ಇದು ಕಿವಿಗೆ ಬಿದ್ದದ್ದು ತಂದೆಯ ಕಾಲ ಬಳಿ ಕುಳಿತಿದ್ದಾಗ. ಅವಳು ಎದ್ದು ಹಿತ್ತಿಲಿಗೆ ಹೋಗಿ ಅಣ್ಣನಿಗೆ ಫೋನು ಮಾಡಿದಳು. ಅವನ ಲೈನು ಸಿಗಲಿಲ್ಲ. ಅವನು ಆ ಕಡೆಯಿಂದ ಮಾಸ್ಟ್ರ ನಂಬರಿಗೆ ಬಿಡದೆ ಹೊಡೆಯುತ್ತಿದ್ದ. ಹೊನ್ನಯ್ಯ ಕೊಟ್ಟ ಆ ನಂಬರು ಡೋಂಗಲಿನ ಹೊಟ್ಟೆಯಲ್ಲಿ ಮಲಗಿತ್ತು. ಬಹಳ ಹೊತ್ತಿನ ಮೇಲೆ ಅಣ್ಣ ಸಿಕ್ಕಿದ. ಅವಳು ಅಳುತ್ತ ಕೇಳಿದಳು:

“ಅಣ್ಣ, ನಿನ್ನನ್ನು ಕೆಲಸದಿಂದ ತೆಗೆದರಂತೆ ಹೌದಾ?”

“ಯಾರು ಹೇಳಿದ್ದು ನಿನಗೆ?” ಎಂದ ಲತೀಶ.

“ಇಲ್ಲಿ ಕಂಪ್ಯೂಟರಿನಲ್ಲಿ ಬಂದಿದೆ. ಮಾವ ಓದಿದ್ದು.”

ಅಷ್ಟಕ್ಕೇ ಫೋನಿನ ದುಡ್ಡು ಮುಗಿದು ಕಟ್ ಆಯಿತು.

ಆ ಕಡೆ ನಡೆದದ್ದು ನಮಗೆ ಆಮೇಲೆ ತಿಳಿದದ್ದು. ಲತೀಶನಿಗೆ ಸಂಶಯವೇ ಬರಲಿಲ್ಲ. ಡ್ಯೂಟಿ ಬಿಟ್ಟು ಬಂದದ್ದು ಗೊತ್ತಾಗಿ, ತನಗೆ ಹೇಳುವ ಮೊದಲೇ ಕಂಪನಿಯವರು ಊರಿಗೆ ಬರೆದಿದ್ದಾರೆ ಎಂದು ಅವನು ನಂಬಿದ. ಮುಖ ತೊಳೆಯದೆ, ಕೆಲಸದ ಬಟ್ಟೆಯಲ್ಲೇ ನೇರವಾಗಿ ಮ್ಯಾನೇಜರನ ಕೋಣೆಗೆ ಹೋಗಿ, ನನ್ನನ್ನು ತೆಗೆದದ್ದು ಸರಿ ಸಾರ್, ಆದರೆ ಇವತ್ತೇ ಯಾಕೆ ಎಂದು ಕೇಳಿದ. ಮ್ಯಾನೇಜರನಿಗೆ ಅವನು ಡ್ಯೂಟಿ ಬಿಟ್ಟದ್ದೂ ಗೊತ್ತಿರಲಿಲ್ಲ, ತಂದೆ ಸತ್ತದ್ದೂ ಗೊತ್ತಿರಲಿಲ್ಲ. ಎರಡೂ ಒಟ್ಟಿಗೆ ಗೊತ್ತಾಯಿತು.

ಇಲ್ಲಿ ಹೊತ್ತು ಇಳಿಯುತ್ತ ಬಂದಿತ್ತು. ಚಿತೆ ಸಿದ್ಧವಾಗಿದೆ, ಇನ್ನು ಕಾಯುವುದು ಬೇಡ ಎಂದು ಹಿರಿಯರು ಒಬ್ಬೊಬ್ಬರಾಗಿ ಬಂದು ಹೇಳತೊಡಗಿದರು. ಕಿನ್ನಿಯಕ್ಕ ಮಾಸ್ಟ್ರ ಮುಖ ನೋಡಿದರು. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಮಾಸ್ಟ್ರು ಪರದೆಯ ಮೇಲಿನ ಸಾಲುಗಳನ್ನು ನಿಜವಾಗಿ ಓದತೊಡಗಿದರು, ಮಕ್ಕಳ ಉತ್ತರಪತ್ರಿಕೆ ಓದುವ ಹಾಗೆ, ಬೆರಳಿಟ್ಟು. ಚಾರ್ಜರ್ ತೆಗೆಯಲಾಯಿತು ಎಂದು ಒಂದು ಸಾಲು. ಡೋಂಗಲಿರುವ ಯು.ಎಸ್.ಬಿ. ಕಿಂಡಿಯನ್ನು ಮಲಗಿಸಲಾಯಿತು ಎಂದು ಇನ್ನೊಂದು. ಎರಡರ ನಡುವೆ, ಯಾರು ಮಲಗಿಸಿದ್ದು ಎಂಬುದಕ್ಕೆ ಯಂತ್ರ ಪ್ರಾಮಾಣಿಕವಾಗಿ ಹೆಸರು ಬರೆದಿತ್ತು: ಲೋಕನಾಥ್ ಮಾಸ್ಟರ್ ಪವರ್ ಸೇವರ್. ಲತೀಶ ಹೋದಾಗಲೆಲ್ಲ ಅದೇ ಹೆಸರು ಮತ್ತೆ ಮತ್ತೆ ಇತ್ತು.

ಮಾಸ್ಟ್ರು ಪರದೆಯ ಆ ಭಾಗವನ್ನು ಅಂಗೈಯಿಂದ ಮುಚ್ಚಿದರು. ಹೊನ್ನಯ್ಯ ಬಗ್ಗಿ, ಎಂತ ಬಂತು ಮಾಸ್ಟ್ರೆ, ಕಂಪನಿಯವರದ್ದಾ ಎಂದು ಕೇಳಿದ. ಏನಿಲ್ಲ, ನೆಟ್‌ವರ್ಕ್ ಎಂದರು. ಹೇಳಿಬಿಡಬೇಕೆಂದು ಅವರಿಗೆ ಅನ್ನಿಸಿತಂತೆ, ತುಂಗಾಳ ಹತ್ತಿರ ಆಮೇಲೆ ಹೇಳಿದ್ದು. ಆದರೆ ಬ್ಯಾಟರಿ ಉಳಿಸಲಿಕ್ಕೆ ಹೋಗಿ ಹೀಗಾಯಿತು ಎಂದು, ಹೆಣ ಇಟ್ಟುಕೊಂಡು ಕಾಯುತ್ತಿರುವವರ ಎದುರು ಯಾವ ಬಾಯಲ್ಲಿ ಹೇಳುವುದು.

ಸ್ಕ್ರಿಪ್ಟನ್ನು ಅಳಿಸಬೇಕು, ಯಂತ್ರವನ್ನು ಒಮ್ಮೆ ಆರಿಸಿ ಹೊತ್ತಿಸಬೇಕು, ಆಗ ವಯರ್ ಇಲ್ಲದೆಯೂ ಡೋಂಗಲ್ ಎಚ್ಚರ ಇರುತ್ತದೆ. ಇಷ್ಟು ಅವರಿಗೆ ಹೊಳೆಯಿತು. ಅಳಿಸಲು ಲಿನಕ್ಸ್ ಪಾಸ್‌ವರ್ಡ್ ಕೇಳಿತು. ಅವಸರದಲ್ಲಿ ತಪ್ಪು ಒತ್ತಿದರು. ಮತ್ತೆ ತಪ್ಪಿತು. ಸರಿಯಾಗಿ ಒತ್ತಿ, ಅಳಿಸಿ, ಯಂತ್ರ ಆರಿಸಿ ಹೊತ್ತಿಸುವಷ್ಟರಲ್ಲಿ ಮೇಲೆ ತಿರುಗುತ್ತಿದ್ದ ಫ್ಯಾನು ನಿಂತಿತು. ಕರೆಂಟು ಹೋಗಿತ್ತು.

ಇನ್ನು ಇರುವುದು ಬ್ಯಾಟರಿ ಮಾತ್ರ. ಅದನ್ನು ಉಳಿಸುವ ಉಪಾಯವನ್ನು ಅವರು ಈಗ ತಾನೇ ಅಳಿಸಿದ್ದರು.

ಉಗ್ಗಪ್ಪಣ್ಣನನ್ನು ಎತ್ತಿದರು. ಅವರ ಹಿಂದೆ ಮಾಸ್ಟ್ರು ಲ್ಯಾಪ್‌ಟಾಪ್ ಮುಚ್ಚಿ ಎದೆಗೆ ಒತ್ತಿಕೊಂಡು ನಡೆದರು. ತೋಟದ ಮೂಲೆಯಲ್ಲಿ ಚಿತೆ ಇತ್ತು. ಮೈಮೇಲೆ ಕಟ್ಟಿಗೆ ಇಟ್ಟು, ಮುಖ ಮಾತ್ರ ಉಳಿಸಿ, ಎಲ್ಲರೂ ಮಾಸ್ಟ್ರ ಕಡೆ ತಿರುಗಿ ನಿಂತರು. ಮಾಸ್ಟ್ರು ಮುಚ್ಚಳ ತೆರೆದು ಡೋಂಗಲ್ ಚುಚ್ಚಿದರು. ದೀಪ ಹತ್ತಿತು. ಈ ಸಲ ಆರಲಿಲ್ಲ.

ಲತೀಶ ಬಂದ. ಅದು ಹಿಂದಿನ ಕೋಣೆ ಅಲ್ಲ. ದೊಡ್ಡ ಮೇಜು, ಚರ್ಮದ ಕುರ್ಚಿ. ಲತೀಶ ಕುಳಿತದ್ದು ಆ ಕುರ್ಚಿಯಲ್ಲಿ. ಅವನ ಹಿಂದೆ ಟೈ ಕಟ್ಟಿದ ದಪ್ಪ ಮನುಷ್ಯನೊಬ್ಬ ಕೈಕಟ್ಟಿ ತಲೆ ತಗ್ಗಿಸಿ ನಿಂತಿದ್ದ. ಇವನೇ ತೆಗೆದವನು ಎಂದು ಹೊನ್ನಯ್ಯ ಪಿಸುಗುಟ್ಟಿದ. ತೆಗೆದವನು ತನ್ನ ಕುರ್ಚಿ ಬಿಟ್ಟುಕೊಟ್ಟು ಯಾಕೆ ನಿಲ್ಲುತ್ತಾನೆ ಎಂದು ಲೋಕಯ್ಯ ಕೇಳಿದರು. ಲೋಕಯ್ಯ ಮುಂದೆ ಬಂದು ಪರದೆಯನ್ನು ಚೆನ್ನಾಗಿ ನೋಡಿದರು. ಟವೆಲು ಮತ್ತೆ ಹೆಗಲಿಗೆ ಏರಿತು. ಮೋಕ್ಷಿತಾಳ ಮದುವೆ ನಿಜವಾಗಿ ನಿಶ್ಚಯವಾದದ್ದು ಆ ಗಳಿಗೆಯಲ್ಲಿ ಎಂದು ನಮ್ಮಲ್ಲಿ ಕೆಲವರು ಈಗಲೂ ಹೇಳುತ್ತಾರೆ.

ಮಾಸ್ಟ್ರು ಲ್ಯಾಪ್‌ಟಾಪನ್ನು ಬಗ್ಗಿಸಿ ಉಗ್ಗಪ್ಪಣ್ಣನ ಮುಖದ ಹತ್ತಿರ ಹಿಡಿದರು. ಲತೀಶ ನೋಡಿದ. ಅವನು ಅಪ್ಪ ಎಂದ. ಮೂಲೆಯಲ್ಲಿ ಬ್ಯಾಟರಿಯ ಚಿಹ್ನೆ ಕೆಂಪಾಗಿ ಮಿಣುಕುವುದು ಮಾಸ್ಟ್ರಿಗೆ ಮಾತ್ರ ಕಾಣುತ್ತಿತ್ತು. ಮುಖದ ಮೇಲೂ ಕಟ್ಟಿಗೆ ಇಟ್ಟರು. ಲತೀಶನ ದೊಡ್ಡಪ್ಪನ ಮಗ ಬೆಂಕಿ ಕೊಟ್ಟ. ಮಾಸ್ಟ್ರು ಹಿಂದೆ ಸರಿದು, ಉರಿ ಪೂರ್ತಿ ಕಾಣುವ ಹಾಗೆ ಹಿಡಿದು, ಆಮೇಲೆ ಪರದೆಯನ್ನು ಕಿನ್ನಿಯಕ್ಕನ ಕಡೆ ತಿರುಗಿಸಿದರು. ಅವರು ಸೆರಗಿನಿಂದ ಮೂಗು ಒರೆಸಿಕೊಂಡು ಮಾತಾಡಲು ಬಾಯಿ ತೆರೆದರು. ಅಷ್ಟರಲ್ಲಿ ಒಳಗೆ ತಿರುಗುತ್ತಿದ್ದ ಸಣ್ಣ ಫ್ಯಾನು ನಿಂತದ್ದು ಮಾಸ್ಟ್ರ ಅಂಗೈಗೆ ಗೊತ್ತಾಯಿತು. ಬ್ಯಾಟರಿ ಮುಗಿದಿತ್ತು.

ಅವರು ಹೇಳಬೇಕಾಗಿತ್ತು. ಹೇಳಲಿಲ್ಲ. ಲ್ಯಾಪ್‌ಟಾಪನ್ನು ಹಾಗೆಯೇ ಎತ್ತಿ ಹಿಡಿದು ನಿಂತರು.

ಕಿನ್ನಿಯಕ್ಕ ಮಗನೊಡನೆ ಮಾತಾಡಿದರು. ನೀನು ಬರಲಿಲ್ಲ ಎಂದು ಅಪ್ಪನಿಗೆ ಸಿಟ್ಟು ಇರಲಿಲ್ಲ ಎಂದರು. ಕೊನೆಗೆ ಒಮ್ಮೆ ನೀರು ಕೇಳಿದ್ದು, ಕುಡಿಸಿದ್ದು ಹೇಳಿದರು. ಅಪ್ಪ ಬಾವಿಗೆ ಇಳಿದಾಗಲೆಲ್ಲ ಮೇಲಿಂದ ನಿನ್ನ ಹೆಸರು ಕರೆಯಲು ನನಗೆ ಹೇಳುತ್ತಿದ್ದರು, ಆಗ ನೀನು ಸಣ್ಣವ, ನೀನು ಓಗೊಡುವ ಸ್ವರ ಕೇಳಿದರೆ ಉಸಿರು ಬರುತ್ತದೆ ಎನ್ನುತ್ತಿದ್ದರು ಎಂದರು. ಬೆಳಗ್ಗೆಯಿಂದ ನೀನೇನೂ ತಿಂದಿರಲಿಕ್ಕಿಲ್ಲ, ಹೋಗಿ ಏನಾದರೂ ತಿನ್ನು, ಬರೇ ಹೊಟ್ಟೆಯಲ್ಲಿ ಮಲಗಬೇಡ ಎಂದರು. ಸೇರಿದ್ದವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಮಾಸ್ಟ್ರು ಮೊಣಕೈಯನ್ನು ಹೊಟ್ಟೆಗೆ ಊರಿ ಹಿಡಿದುಕೊಂಡರು.

ಮಾತು ಮುಗಿದ ಮೇಲೆ ಕಿನ್ನಿಯಕ್ಕ, “ಸಾಕು ಮಾಸ್ಟ್ರೆ, ಮುಚ್ಚಿ. ನಿಮಗೆ ಕೈ ನೋಯ್ತದೆ” ಎಂದರು.

ಮಾಸ್ಟ್ರು ಮನೆಗೆ ಬಂದು ಸಿಮ್ಮನ್ನು ಮೊಬೈಲಿಗೆ ಹಾಕಿದ ಕೂಡಲೇ ಲತೀಶನ ಫೋನು ಬಂತು. ಕೆಲಸಕ್ಕೆ ಏನೂ ಆಗಿಲ್ಲ, ಮ್ಯಾನೇಜರ್ ಬೈಯುವುದನ್ನು ಬೈದು ಆಮೇಲೆ ತನ್ನ ಕೋಣೆಗೆ ತಾನೇ ಕರೆದುಕೊಂಡು ಹೋದದ್ದು ಎಂದ. ಬೆಂಕಿಯವರೆಗೆ ಕಂಡಿತು ಎಂದ. ಆಮೇಲೆ ಅಮ್ಮ ಏನಾದರೂ ಹೇಳಿದರಾ ಎಂದು ಕೇಳಿದ. ಮಾಸ್ಟ್ರು ಅಂಗಳದ ಕಟ್ಟೆಯಲ್ಲಿ ಕುಳಿತು ಎಲ್ಲವನ್ನೂ ಹೇಳಿದರು. ನೀರು ಕುಡಿಸಿದ್ದು, ಬಾವಿ, ಹೆಸರು ಕರೆದದ್ದು, ಊಟ. ಒಂದೂ ಬಿಡಲಿಲ್ಲ. ನಲವತ್ತು ಮಕ್ಕಳಿಗೆ ಪದ್ಯ ಬಾಯಿಪಾಠ ಮಾಡಿಸುವವರಲ್ಲವೇ. ಎಲ್ಲ ಕೇಳಿ ಲತೀಶ, ನಾನು ಕೇಳಲಿಲ್ಲ ಎಂದು ಅಮ್ಮನಿಗೆ ಗೊತ್ತುಂಟಾ ಎಂದ. ಇಲ್ಲ ಎಂದರು ಮಾಸ್ಟ್ರು. ಹಾಗಾದರೆ ಹೇಳುವುದು ಬೇಡ ಎಂದ. ಹೇಳುವುದಿಲ್ಲ ಎಂದರು.

ಚಹಾದಂಗಡಿಯಲ್ಲಿ ಮಾಸ್ಟ್ರು ಆಮೇಲೆ ಲಿನಕ್ಸಿನ ಮಾತು ತೆಗೆಯಲಿಲ್ಲ. ಅವರು ಬಿಟ್ಟರೂ ಊರು ಬಿಡಲಿಲ್ಲ. ಆ ದಿನ ತೋಟದ ಮೂಲೆಯಲ್ಲಿ ವಯರೂ ಇಲ್ಲದೆ, ಕರೆಂಟೂ ಇಲ್ಲದೆ ಮಗನನ್ನು ಕತಾರಿನಿಂದ ಕರೆಸಿದವರು ಎಂದು ಹೊನ್ನಯ್ಯ ಹೋದಲ್ಲೆಲ್ಲ ಹೇಳಿ, ಅವರ ಹೆಸರನ್ನು ಉಪ್ಪಳದವರೆಗೆ ಮುಟ್ಟಿಸಿದ. ಹೊಗಳಿದಷ್ಟೂ ಮಾಸ್ಟ್ರು ಕುಗ್ಗಿದರು. ಅದನ್ನು ಜನ ವಿನಯ ಎಂದು ತಿಳಿದರು.

ಬೊಜ್ಜದ ದಿನ ತುಂಗಾ ಅಡಿಗೆಗೆ ನೆರವಾಗಲು ಬೆಳಗ್ಗೆಯೇ ಹೋಗಿದ್ದಳು. ಕಿನ್ನಿಯಕ್ಕ ಅವಳ ಪಕ್ಕ ಕುಳಿತು ಬದನೆ ಹೆಚ್ಚುತ್ತ, ಮಾಸ್ಟ್ರು ಹುಷಾರಿದ್ದಾರಾ ಎಂದು ವಿಚಾರಿಸಿದರಂತೆ. ಆ ದಿನ ಅಷ್ಟು ಹೊತ್ತು ಅದನ್ನು ಎತ್ತಿ ಹಿಡಿಯಬೇಕಾಗಿರಲಿಲ್ಲ ಅವರು ಎಂದರಂತೆ. ಹಿಂದೆ ಉರಿಯುವ ಬೆಂಕಿಯೂ ಎದುರಿಗೆ ನನ್ನದೇ ಮುಖವೂ ಆ ಕಪ್ಪಾದ ಪರದೆಯಲ್ಲಿ ಕಾಣುತ್ತಿತ್ತು, ಮಗ ಅದರಲ್ಲಿ ಇಲ್ಲ ಎಂದು ಬಾಯಿ ತೆರೆಯುವಾಗಲೇ ಗೊತ್ತಾಗಿತ್ತು ಎಂದರಂತೆ.

ಸಂಜೆ ತುಂಗಾ ಇದನ್ನು ಹೇಳುವಾಗ ಮಾಸ್ಟ್ರು ಕಾಲು ತೊಳೆಯುತ್ತಿದ್ದರು. ಚೆಂಬು ಕೈಯಲ್ಲೇ ನಿಂತಿತು.

“ಮತ್ತೆ ಅಷ್ಟು ಹೊತ್ತು ಮಾತಾಡಿದ್ದು ಎಂತದು?”

“ಹೇಳಲಿಕ್ಕೆ ಇತ್ತಲ್ಲ ಅವರಿಗೆ” ಎಂದಳು ತುಂಗಾ, “ಹೇಳಿದರು.”